ದಿಲ್ಷಾದ್ ಕೈಯಲ್ಲಿದ್ದದ್ದು ಡಬ್ಬಿಯ ಮುಚ್ಚಳ

ಮಾನ್ಯರೇ,

ಈಗ ಸಂಜೆ ಆರೂಕಾಲು. ಇವತ್ತು ಬೆಳಿಗ್ಗೆ ಎರಡು ಲಾಟು ರೇಷ್ಮೆಗೂಡು ಬಂದವು. ಎರಡನೆಯದರಲ್ಲಿ ಅರ್ಧಕ್ಕರ್ಧ ಕೆಟ್ಟ ಗೂಡು, ಎಳೆ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ದಿಲ್ಷಾದ್‌ಳ ಮಗಳು ಸಾಬ್ರೀನ್ ಬಂದು, ತನ್ನ ಅಮ್ಮನ ಸಾವಿನ ಬಗ್ಗೆ ನೀವು ಸಹಿ ಹಾಕಿದ ವರದಿಯ ಪ್ರತಿಯನ್ನು ನನ್ನ ಮುಂದೆ ಇಟ್ಟಳು. ಅದರ ಎರಡನೆಯ ಪುಟದಲ್ಲಿ ಒಂದು ವಾಕ್ಯ ಸುಳ್ಳು. ಅದನ್ನು ಹೊಡೆದುಹಾಕಿ ಎಂದು ಕೇಳಲು ಈ ಪತ್ರ. ನಿಮ್ಮ ತಾಲ್ಲೂಕು ಕಚೇರಿಗೇ ಬರೆಯಬಹುದಿತ್ತು. ಅಲ್ಲಿ ಅರ್ಜಿ ಕೊಟ್ಟರೆ ಮೊಹರು ಹಾಕುತ್ತಾರೆ, ಓದುವುದಿಲ್ಲ. ಅದಕ್ಕೆ ಎಲ್ಲರೂ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ವಾಕ್ಯ ಇದು: "ಮೃತರು ಸ್ನೇಹಿತೆಯರೊಂದಿಗೆ ವಿಹಾರಕ್ಕೆ ಬಂದವರಾಗಿದ್ದು, ಅಳವಡಿಸಲಾಗಿದ್ದ ಎಚ್ಚರಿಕೆ ಫಲಕವನ್ನು ನಿರ್ಲಕ್ಷಿಸಿ, ಮೊಬೈಲ್‌ನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳುವ ಉದ್ದೇಶದಿಂದ ಹರಿಯುವ ನೀರಿಗೆ ಇಳಿದು, ಸ್ವಯಂ ಅಜಾಗರೂಕತೆಯಿಂದ ಕೊಚ್ಚಿಹೋಗಿರುತ್ತಾರೆ."

ನಾನು ಮೇಲೂರಿನವಳು. ಓದಿದ್ದು ಎಸ್ಸೆಸ್ಸೆಲ್ಸಿ. ಹತ್ತೊಂಬತ್ತು ವರ್ಷದಿಂದ ಶಿಡ್ಲಘಟ್ಟದ ಒಂದು ಘಟಕದಲ್ಲಿ ರೇಷ್ಮೆ ನೂಲು ತೆಗೆಯುತ್ತೇನೆ. ಗೂಡು ಕುದಿಸುವ ಸಾಲಿನಲ್ಲಿ ನನ್ನ ಎಡಗಡೆಯ ಬಾಣಲೆ ದಿಲ್ಷಾದ್ ಬೇಗಂದು, ಬಲಗಡೆಯದು ಗಂಗುಲಮ್ಮಂದು. ಗೂಡಿನ ವ್ಯಾಪಾರಿಗಳು ಪ್ರತಿ ಯುಗಾದಿಗೆ ಒಂದು ಡೈರಿ ಕೊಡುತ್ತಾರೆ. ಬೇರೆ ಯಾರೂ ಮುಟ್ಟುವುದಿಲ್ಲ, ನಾನು ತುಂಬಿಸುತ್ತೇನೆ. ಎಷ್ಟು ಗಂಟೆಗೆ ಒಲೆ ಹಚ್ಚಿದೆವು, ಯಾರಿಗೆ ಜ್ವರ, ಯಾರ ಮಗಳು ಬಂದಳು, ಅಷ್ಟೇ. ದಿಲ್ಷಾದ್ ನನ್ನನ್ನು ಪೊಲೀಸಮ್ಮ ಎಂದು ಕರೆಯುತ್ತಿದ್ದಳು. "ಏನೇ ಪೊಲೀಸಮ್ಮ, ನಾನು ಇವತ್ತು ಎಷ್ಟು ಸಲ ಸೀನಿದೆ, ಬರ್ಕೊಂಡ್ಯಾ?" ಎನ್ನುತ್ತಿದ್ದಳು. ನಾನು ಬರೆದುಕೊಂಡದ್ದು ಹೀಗೆ ಉಪಯೋಗಕ್ಕೆ ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ನಿಮ್ಮ ವಿಹಾರದ ಮಾತು. ಅವಳು ಕೊಚ್ಚಿಹೋದ ಮರುದಿನ, ಭಾನುವಾರ ಬೆಳಿಗ್ಗೆ, ನೀವು ಅಲ್ಲಿಗೆ ಬಂದು ಬೇರೆಯವರು ಹಿಡಿದ ಛತ್ರಿಯ ಕೆಳಗೆ ನಿಂತು, ನಮಗೆ ಕೇಳಿಸುವ ಹಾಗೆ ಅಂದಿರಿ: "ಇಂಥ ಮಳೇಲಿ ಯಾರ್ರೀ ಟೂರ್ ಬರ್ತಾರೆ? ಅಷ್ಟೂ ಬುದ್ಧಿ ಬೇಡ್ವಾ?" ದಿಲ್ಷಾದ್ ಇನ್ನೂ ಸಿಕ್ಕಿರಲಿಲ್ಲ. ಈಗ ಉತ್ತರ ಕೊಡುತ್ತೇನೆ. ನಮಗೆ ರಜೆ ಸಿಗುವುದೇ ಮಳೆಯಲ್ಲಿ. ಮೂರು ದಿನ ಮೋಡ ಹಿಡಿದರೆ ಗೂಡು ತೇವವಾಗುತ್ತದೆ, ಎಳೆ ಬಿಚ್ಚುವುದಿಲ್ಲ, ಯಜಮಾನರು ಗೂಡು ತರುವುದಿಲ್ಲ, ಒಲೆ ಆರಿಸಿ ಮನೆಗೆ ಹೋಗಿ ಎನ್ನುತ್ತಾರೆ. ಬಿಸಿಲಿದ್ದರೆ ನಾವು ಬಿಸಿನೀರಿನ ಮುಂದೆ ಇರುತ್ತೇವೆ. ಹತ್ತೊಂಬತ್ತು ವರ್ಷದಲ್ಲಿ ನಾವು ಮೂವರು ಒಟ್ಟಿಗೆ ಹೋದ ಊರುಗಳೆಲ್ಲ ಛತ್ರಿ ಹಿಡಿದು ನೋಡಿದವು. ನಂದಿಬೆಟ್ಟಕ್ಕೆ ಹೋದಾಗ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ನೀವು ಉಡುವ ರೇಷ್ಮೆ ಪಂಚೆ ಬಿಸಿಲಿನಲ್ಲಿ ತಯಾರಾಗುತ್ತದೆ, ಅದನ್ನು ಮಾಡಿದವರ ಸಂತೋಷ ಮಳೆಯಲ್ಲಿ. ಇದು ಬುದ್ಧಿಯ ಪ್ರಶ್ನೆಯೇ?

ಆ ಸಲ ಎರಡು ದಿನ ರಜೆ ಸಿಕ್ಕಿತು. ಮಂಚೇನಹಳ್ಳಿಯಲ್ಲಿ ಗಂಗುಲಮ್ಮನ ತಂಗಿ ರಾಮಲಕ್ಷ್ಮಮ್ಮ ಇದ್ದಾಳೆ. ಹತ್ತಿರದ ಕೆರೆ ಹದಿನೆಂಟು ವರ್ಷದ ಮೇಲೆ ತುಂಬಿ ಕೋಡಿ ಹರಿಯುತ್ತಿದೆ, ಬನ್ನಿ ಎಂದು ಕರೆದಿದ್ದಳು. ಶುಕ್ರವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಸಂಜೆ ಐದಕ್ಕೆ ತಲುಪಿದೆವು. ಶನಿವಾರ ಗಂಗುಲಮ್ಮ ಮಾಂಸ ಮುಟ್ಟುವುದಿಲ್ಲ. ಅದಕ್ಕೆ ದಿಲ್ಷಾದ್ ಬೆಳಿಗ್ಗೆ ಬೇಗ ಎದ್ದು, ರಾಮಲಕ್ಷ್ಮಮ್ಮನ ಒಲೆಯ ಮೇಲೆ ಅವರೆಕಾಳು ಪಲಾವ್ ಮಾಡಿ, ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ತುಂಬಿಕೊಂಡಳು. ಆ ಡಬ್ಬಿ ನೆನಪಿಡಿ.

ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ನಮ್ಮ ಸೀಮೆಯವರಿಗೆ ನೀರಿಲ್ಲದಿರುವುದರ ಭಯ ಗೊತ್ತು, ನೀರಿನ ಭಯ ಗೊತ್ತಿಲ್ಲ. ಸಾವಿರದೈನೂರು ಅಡಿ ಕೊರೆದು ನೀರು ಹುಡುಕುವ ಜನ, ಅದು ತಾನಾಗಿ ಎದುರಿಗೆ ಹರಿದು ಬಂದರೆ ಓಡಿಹೋಗುವುದಿಲ್ಲ, ಹತ್ತಿರ ಹೋಗುತ್ತೇವೆ. ಕೋಡಿಯ ಕೆಳಗೆ ರಸ್ತೆಯ ಮೇಲೆಯೇ ನೀರು ಹರಿಯುವ ತಗ್ಗು ಸೇತುವೆ. ಶನಿವಾರ ಮಧ್ಯಾಹ್ನ ಅಲ್ಲಿ ಪಾದ ಮುಳುಗುವಷ್ಟು ನೀರಿತ್ತು. ನೂರಾರು ಜನ ಅದರಲ್ಲಿ ನಿಂತಿದ್ದರು. ಮುದುಕಿಯರು ಅರಿಶಿನ ಕುಂಕುಮ ಹಾಕುತ್ತಿದ್ದರು. ಗಂಗುಲಮ್ಮ ನೀರಿಗೆ ಹೂವು ಬಿಟ್ಟು, "ಎನ್ನಾಳ್ಳಕು ವಚ್ಚಿನಾವಮ್ಮಾ" ಎಂದು ತೆಲುಗಿನಲ್ಲಿ ಅತ್ತಳು. ಎಷ್ಟು ದಿನಕ್ಕೆ ಬಂದೆಯಮ್ಮ ಎಂದು. ದಿಲ್ಷಾದ್, "ಸಾಕು ಅಳ್ಬೇಡ ಕಣೇ, ಕೆರೆ ಈಗ್ಲೇ ತುಂಬೈತೆ" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು.

ಆದರೆ ನೀರು ಯಾಕೆ ಪಾದದಷ್ಟೇ ಇತ್ತು ಎಂಬುದು ನಿಮ್ಮ ವರದಿಯಲ್ಲಿ ಇಲ್ಲ. ನಮ್ಮನ್ನು ಆಟೋದಲ್ಲಿ ಕರೆತಂದ ಜಗನ್ ಹೇಳಿದ: "ಸೋಮವಾರ ದೊಡ್ಡೋರು ಬಾಗಿನ ಬಿಡೋಕೆ ಬರ್ತಾರೆ ಆಂಟಿ. ನೀರು ಮೆಟ್ಲತ್ರನೇ ನಿಲ್ಬೇಕಂತೆ. ಅದಕ್ಕೆ ಕೋಡಿಗೆ ಮರಳು ಮೂಟೆ ಅಡ್ಡ ಇಡ್ಸವ್ರೆ." ನಾನು ಕಣ್ಣಾರೆ ನೋಡಿದೆ. ಮೂಟೆಗಳು ಎರಡು ಸಾಲು, ಎದೆಯೆತ್ತರ. ಏರಿಯ ಮೇಲೆ ಶಾಮಿಯಾನದ ಕಂಬ ನೆಡುತ್ತಿದ್ದರು. ಜನರನ್ನು ತಡೆಯುವ ಕಬ್ಬಿಣದ ಬೇಲಿಗಳು ಎರಡು ಬಂದಿದ್ದವು. ಅವು ಸೇತುವೆಯ ಬಳಿ ಇರಲಿಲ್ಲ, ದೊಡ್ಡವರ ಕಾರು ನಿಲ್ಲುವ ಜಾಗ ಕಾಯುತ್ತಿದ್ದವು. ಹದಿನೆಂಟು ವರ್ಷ ಕಾದು ಬಂದ ನೀರನ್ನು ಎರಡು ದಿನ ಕಾಯಿರಿ ಎಂದು ನಿಲ್ಲಿಸಿದವರು ಯಾರು? ನೀರು ನಿಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂರುವ ಅರ್ಜಿದಾರರೇ?

ಮೂರೂವರೆಯ ಹೊತ್ತಿಗೆ ಗೌರಿಬಿದನೂರು ಕಡೆಯಿಂದ ಆಕಾಶ ಕಪ್ಪಾಯಿತು. ಆ ಗಾಳಿಗೆ ಶಾಮಿಯಾನದ ಬಟ್ಟೆ ಹರಿದು ಹಾರಿತು. ಜನ ಎರಡೂ ಕಡೆಗೆ ಓಡಿದರು. ನಾನೂ ದಿಲ್ಷಾದೂ ಮುಂದೆ ಓಡಿ ಆಚೆ ದಡದ ಟೀ ಅಂಗಡಿಯ ಸೂರಿನ ಕೆಳಗೆ ಸೇರಿದೆವು. ಗಂಗುಲಮ್ಮ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಿದ್ದೆ. ನಾನು ಡೈರಿ ತೆಗೆದೆ. ಆ ಪುಟದಲ್ಲಿ ಹೀಗಿದೆ: "3.40. ಮಳೆ ಜೋರು. ಮೂವರೂ". ಅಲ್ಲಿಗೆ ನಿಂತಿದೆ. ನಾನು ಆ ಮಾತು ಬರೆಯುವಾಗ ದಿಲ್ಷಾದ್ ತಿರುಗಿ ನೋಡಿ, ಗಂಗುಲಮ್ಮ ಸೇತುವೆಯ ನಡುವೆ ಮಂಡಿ ಹಿಡಿದುಕೊಂಡು ನಿಂತಿರುವುದನ್ನು ಕಂಡು, ಹೊರಟುಬಿಟ್ಟಿದ್ದಳು. ಪಲಾವಿನ ಡಬ್ಬಿ ಇನ್ನೂ ಅವಳ ಕಂಕುಳಲ್ಲಿತ್ತು. ನಾನು ತಲೆ ಎತ್ತಿದಾಗ ಮೂಟೆಗಳ ಮೊದಲ ಸಾಲು ಕಿತ್ತುಬಂದಿತ್ತು, ನೀರು ಇಬ್ಬರ ಸೊಂಟಕ್ಕಿತ್ತು.

ಗಂಗುಲಮ್ಮ ರಸ್ತೆಯಂಚಿನ ಗೂಟದ ಕಲ್ಲನ್ನು ತಬ್ಬಿಕೊಂಡಿದ್ದಳು. ಏರಿಯ ಮೇಲೆ ಶಾಮಿಯಾನದವರ ಹತ್ತಿರ ಹಗ್ಗ ಇತ್ತು. ನೀರಿನ ಸದ್ದಿಗೆ ಕೂಗಿದ್ದು ಕೇಳಿಸುವುದಿಲ್ಲ. ದಿಲ್ಷಾದ್ ಡಬ್ಬಿಯ ಮುಚ್ಚಳ ಬಿಚ್ಚಿ, ಹೊಳೆಯಲಿ ಎಂದು ಎತ್ತಿ ಆಡಿಸಿದಳು. ಅವರು ನೋಡಿದರು, ಹಗ್ಗ ಎಸೆದರು. ಹಗ್ಗ ದಿಲ್ಷಾದ್ ಕೈಗೆ ಸಿಕ್ಕಿತು. ಆಮೇಲೆ ಅವಳು ಹೇಳಿದ್ದನ್ನು ಗಂಗುಲಮ್ಮ ಈಗಲೂ ದಿನಕ್ಕೊಮ್ಮೆ ನನಗೆ ಹೇಳುತ್ತಾಳೆ: "ಇವಳ ಮಂಡಿ ಸರಿ ಇಲ್ಲ, ಇವಳನ್ನ ಮೊದ್ಲು ಎಳ್ಕೊಳಿ." ಗಂಗುಲಮ್ಮನ ಸೊಂಟಕ್ಕೆ ತಾನೇ ಗಂಟು ಹಾಕಿದಳು. ಎಳೆ ಹರಿದರೆ ನಾವು ಹಾಕುವ ಗಂಟು, ಅದು ಜಾರುವುದಿಲ್ಲ. ಗಂಗುಲಮ್ಮ ದಡ ಮುಟ್ಟಿದಾಗ ಎರಡನೆಯ ಸಾಲು ಕಿತ್ತುಕೊಂಡಿತು.

ಅವಳು ಮುಚ್ಚಳ ಆಡಿಸುವಾಗ ಏರಿಯ ಮೇಲಿದ್ದ ಒಬ್ಬರು ಹಗ್ಗ ಹಿಡಿಯದೆ ಫೋನು ಹಿಡಿದಿದ್ದರು. ಹನ್ನೊಂದು ಸೆಕೆಂಡಿನ ಆ ವಿಡಿಯೋದಲ್ಲಿ ಎತ್ತಿದ ಒಂದು ಕೈ, ಕೈಯಲ್ಲಿ ಹೊಳೆಯುವ ಏನೋ. ಅದನ್ನು ನೋಡಿ ನೀವು ಮೊಬೈಲ್ ಎಂದು ಬರೆದಿರಿ. ಅದು ನಿಮಗೆ ಅನುಕೂಲವೂ ಆಯಿತು. ವರದಿಯಿಂದ ಮೂಟೆ ಇಟ್ಟವರು ಹೋದರು, ಚಿತ್ರ ತೆಗೆದುಕೊಂಡವಳು ಉಳಿದಳು.

ಅವಳ ಫೋನು ಆಗ ನನ್ನ ಚೀಲದಲ್ಲಿತ್ತು. ಯಾವಾಗಲೂ ನನ್ನ ಚೀಲದಲ್ಲೇ ಇರುತ್ತಿತ್ತು, ಯಾಕೆಂದರೆ ಅವಳಿಗೆ ಅದರಿಂದ ಪ್ರಯೋಜನವಿರಲಿಲ್ಲ. ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಎಳೆಯ ತುದಿ ಹುಡುಕುವ ಕೆಲಸ ನಮ್ಮದು. ಇಪ್ಪತ್ತು ವರ್ಷ ಅದ್ದಿದ ಮೇಲೆ ಬೆರಳಿನಲ್ಲಿ ಗೆರೆ ಉಳಿಯುವುದಿಲ್ಲ, ಚರ್ಮ ಬೆಂದು ದಪ್ಪವಾಗುತ್ತದೆ. ಫೋನಿನ ಗಾಜು ಆ ಬೆರಳಿಗೆ ಸ್ಪಂದಿಸುವುದಿಲ್ಲ. ಮಗಳು ಕರೆ ಮಾಡಿದರೆ ದಿಲ್ಷಾದ್ ಮೂಗಿನಿಂದ ಒತ್ತಿ ಎತ್ತುತ್ತಿದ್ದಳು, ನಾವು ನಕ್ಕು ನಕ್ಕು ಸಾಯುತ್ತಿದ್ದೆವು. ಅವತ್ತಿನ ನಮ್ಮ ಒಂದೇ ಒಂದು ಚಿತ್ರವನ್ನೂ ತೆಗೆದವನು ಜಗನ್. "ಏನಾಂಟಿ, ಮೂರು ಜನಕ್ಕೆ ಮೂವತ್ತು ಬೆರಳು, ಒಂದೂ ಓಡಲ್ವಾ?" ಎಂದು ಕಿಚಾಯಿಸಿಯೇ ತೆಗೆದ.

ನಂಬಿಕೆ ಬರದಿದ್ದರೆ ಸರಕಾರವನ್ನೇ ಕೇಳಿ. ಪಡಿತರದ ಯಂತ್ರ ಐದು ವರ್ಷದಿಂದ ಅವಳ ಹೆಬ್ಬೆಟ್ಟನ್ನು ಒಪ್ಪಿಲ್ಲ. "ಬೆರಳಚ್ಚು ಮೂಡುವುದಿಲ್ಲ" ಎಂದು ಅವಳ ಚೀಟಿಯ ಮೇಲೆ ಬರೆದುಕೊಟ್ಟಿದ್ದಾರೆ, ಸಾಬ್ರೀನ್ ಅದನ್ನು ನನಗೆ ಕೊಟ್ಟಿದ್ದಾಳೆ. ಅಕ್ಕಿ ಕೊಡುವಾಗ ಆ ಬೆರಳು ಮನುಷ್ಯರದಲ್ಲ. ಸತ್ತ ಮೇಲೆ ಅದೇ ಬೆರಳು, ಹರಿಯುವ ನೀರಿನಲ್ಲಿ ನಿಂತು, ತನ್ನ ಚಿತ್ರ ತಾನೇ ತೆಗೆದುಕೊಂಡಿತು. ಎರಡೂ ಕಾಗದಗಳ ಮೇಲೆ ಒಂದೇ ಸರಕಾರದ ಮೊಹರು. ಯಾವುದನ್ನು ನಂಬಲಿ?

ಸೋಮವಾರ ಎರಡು ಕಿಲೋಮೀಟರು ಕೆಳಗೆ ಮುಸುಕಿನ ಜೋಳದ ಹೊಲದಲ್ಲಿ ಸಿಕ್ಕಳು. ಗುರುತು ಹಿಡಿಯಲು ನನ್ನನ್ನು ಕರೆದರು. ಮುಖದ ಬಟ್ಟೆ ತೆಗೆಯಬೇಡಿ ಎಂದೆ. ಕೈ ನೋಡಿದೆ. ಸಾಕಾಯಿತು.

ಇನ್ನು ನಿಮ್ಮ ಎಚ್ಚರಿಕೆ ಫಲಕ. ಶನಿವಾರ ಅದು ಇರಲಿಲ್ಲ. ಭಾನುವಾರದ ನನ್ನ ಪುಟದಲ್ಲಿ ಹೀಗಿದೆ: "ಬೆಳಿಗ್ಗೆ 8.40. ಸೇತುವೆ ಹತ್ತಿರ ಹೊಸ ಬೋರ್ಡು. ಬುಡದ ಸಿಮೆಂಟು ಹಸಿ." ನೀವು ಬರುವುದಕ್ಕೆ ಮುಂಚೆ ನಾನು ಆ ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗುಂಡಿ ಬಿತ್ತು, ಗೆರೆ ಬೀಳಲಿಲ್ಲ. ಇವತ್ತು ವರದಿ ಓದಿದ ಮೇಲೆ ಜಗನ್‌ಗೆ ಹೇಳಿ ನೋಡಿಸಿದೆ, ಆ ಗುಂಡಿ ಇನ್ನೂ ಹಾಗೆಯೇ ಇದೆಯಂತೆ. ಶನಿವಾರ ಇದ್ದ ಫಲಕದ ಸಿಮೆಂಟಿನಲ್ಲಿ ಭಾನುವಾರ ನನ್ನ ಬೆರಳು ಹೇಗೆ ಇಳಿಯಿತು? ಉತ್ತರ ಗೊತ್ತಿದ್ದರೆ ವರದಿಯಲ್ಲಿ ಸೇರಿಸಿ. ಅಂದಹಾಗೆ ಬಾಗಿನ ರದ್ದಾಗಲಿಲ್ಲ, ಗುರುವಾರಕ್ಕೆ ಮುಂದಕ್ಕೆ ಹೋಯಿತು. ಅವತ್ತು ಸೇತುವೆಯ ಎರಡೂ ಕಡೆ ಬೇಲಿ ಇತ್ತು ಎಂದು ರಾಮಲಕ್ಷ್ಮಮ್ಮ ಹೇಳಿದಳು.

ಸಾಬ್ರೀನ್ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ವಿಡಿಯೋಗೆ ಯಾರೋ "ಸೆಲ್ಫಿ ಆಂಟಿ" ಎಂದು ಹೆಸರಿಟ್ಟು ಹಂಚಿದ್ದಾರೆ. ಸೀರೆ ನೋಡಲು ಬಂದ ಹೆಂಗಸರು ಅವಳೆದುರೇ ಅದನ್ನು ನೋಡಿ ನಕ್ಕರಂತೆ, ಯಾರ ಮಗಳೆಂದು ತಿಳಿಯದೆ. ಅವಳು ಸೀರೆ ಮಡಿಸುತ್ತಾ ನಿಂತಳಂತೆ. ಇವತ್ತು ವರದಿಯನ್ನು ನನ್ನ ಮುಂದಿಟ್ಟು ಕೇಳಿದಳು: "ಖಾಲಾ, ಇಷ್ಟು ದಿನ ಜನ ಏನೋ ಅಂತಾರೆ ಬಿಡು ಅಂತಿದ್ದೆ. ಈಗ ಗೌರ್ಮೆಂಟೂ ಹಂಗೇ ಬರೆದೈತೆ. ಅಮ್ಮಿ ನಿಜವಾಗ್ಲೂ ನಿಮ್ ಹತ್ರ ಫೋನ್ ಕೊಟ್ಟಿದ್ರಾ?" ಅಮ್ಮನನ್ನು ಚೆನ್ನಾಗಿ ಬಲ್ಲ ಮಗಳಿಗೂ ಒಂದು ಕ್ಷಣ ಅನುಮಾನ ಬಂತು. ನಿಮ್ಮ ಮೊಹರಿಗೆ ಅಷ್ಟು ಶಕ್ತಿಯಿದೆ. ನನ್ನ ಸಿಟ್ಟು ಅದರ ಮೇಲೆ.

ಪರಿಹಾರ ಕೇಳಲು ಬರೆದೆ ಎಂದುಕೊಳ್ಳಬೇಡಿ. ನನಗೆ ಬೇಕಾದದ್ದು ಒಂದು ವಾಕ್ಯ. ಎರಡನೆಯ ಪುಟದಲ್ಲಿ ಬರೆದದ್ದನ್ನು ಹೊಡೆದು, ಅದೇ ಜಾಗದಲ್ಲಿ ಹೀಗೆ ಬರೆಯಿರಿ: ದಿಲ್ಷಾದ್ ಬೇಗಂ, ಐವತ್ತೊಂದು ವರ್ಷ, ದಡ ಸೇರಿದ್ದರು. ಗೆಳತಿಯನ್ನು ಕರೆತರಲು ಹಿಂದಕ್ಕೆ ಹೋಗಿ ಅವಳನ್ನು ಉಳಿಸಿದರು. ಕೋಡಿಗೆ ಅಡ್ಡ ಇಡಿಸಿದ್ದ ಮೂಟೆಗಳು ಕಿತ್ತುಬಂದು ಸತ್ತರು. ಇಡಿಸಿದವರು ಯಾರು ಎಂಬುದನ್ನು ಅದರ ಮುಂದಿನ ಸಾಲಿನಲ್ಲಿ ಬರೆಯಿರಿ. ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಸಾಬ್ರೀನ್‌ಗೆ ಕೊಡಿ. ಅವಳ ಕೈಗೆ ಕೊಡಿ, ಅಂಚೆಯಲ್ಲಿ ಬೇಡ.

ಡೈರಿ, ಫೋನು, ಪಡಿತರ ಚೀಟಿ, ಮುಚ್ಚಳವಿಲ್ಲದ ಡಬ್ಬಿ, ಎಲ್ಲ ನನ್ನ ಹತ್ತಿರ ಇವೆ. ಡಬ್ಬಿ ಅವಳ ಜೊತೆಗೇ ಸಿಕ್ಕಿತು, ಮುಚ್ಚಳ ಸಿಗಲಿಲ್ಲ. ವಿಚಾರಣೆಗೆ ಕರೆದರೆ ತರುತ್ತೇನೆ. ನಾಳೆ ಮಾತ್ರ ಬರಲಾಗುವುದಿಲ್ಲ. ನಾಳೆ ಬಿಸಿಲಿದೆ. ಆರು ಗಂಟೆಗೆ ಒಲೆ ಹಚ್ಚಬೇಕು, ಎಡಗಡೆಯ ಬಾಣಲೆಗೆ ಹೊಸಬಳು ಬರುತ್ತಾಳೆ.

ಇಂತಿ,
ಹೆಬ್ಬೆಟ್ಟು ಒತ್ತಿದರೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಸಹಿಯನ್ನೇ ಹಾಕಿರುವ,
ವೆಂಕಟರತ್ನಮ್ಮ
ಮೇಲೂರು