ದೇವರ ಜಗಲಿಯ ಮೇಲಿನ ಡಬ್ಬಿ

ಅಬ್ಬಿಗೇರಿ
೧೭ ನವೆಂಬರ್ ೨೦೨೪, ರವಿವಾರ ಸಂಜೆ

ಪ್ರೀತಿಯ ಗೌತಮಿ ಅಕ್ಕಾ,

ಕಣ್ಣುರಿ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ" ಅಂದು ಇಟ್ಟುಬಿಡುತ್ತೀ. ನನಗೂ ಫೋನಿನಲ್ಲಿ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ದಣಿದಿದ್ದೇವೆ. ಉಳ್ಳಾಗಡ್ಡಿ ಕಿತ್ತು ಚೀಲ ತುಂಬುವಷ್ಟರಲ್ಲಿ ಅಪ್ಪನ ಸೊಂಟ ಹಿಡಿಯಿತು. ಗೋಡೆ ಹಿಡಿದು ನಡೆಯುತ್ತಾನೆ, ದವಾಖಾನೆಗೆ ನಡಿ ಅಂದರೆ ನಾಳೆ ಅನ್ನುತ್ತಾನೆ. ನಾನು ದಿನಾ ಬಸ್ಸಿನಲ್ಲಿ ನಿಂತು ರೋಣದ ಶಾಲೆಗೆ ಹೋಗಿ, ಕನ್ನಡ ಪಾಠ ಮಾಡಿ, ಮತ್ತೆ ನಿಂತೇ ಬರುತ್ತೇನೆ. ನನ್ನ ದನಿ ಈಗಲೂ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಮೊನ್ನೆ ಒಬ್ಬಳು, "ಟೀಚರ್, ನಮಗ ಪಾಠ ಮಾಡಾಕತ್ತೀರೋ, ನಿಮ್ಮಷ್ಟಕ್ಕ ಓದಾಕತ್ತೀರೋ?" ಅಂದಳು. ತಪ್ಪೇನಿರಲಿಲ್ಲ ಅವಳದು, ನಾನೇ ನಕ್ಕುಬಿಟ್ಟೆ.

ಅಕ್ಕ ಪುಣೆಯಲ್ಲಿ ಏನು ಸಂಶೋಧನೆ ಮಾಡುತ್ತಾಳೆಂದು ಶಾಲೆಯಲ್ಲಿ ಕೇಳುತ್ತಾರೆ. ಪಂಚಮಿಗೆ ಬಂದಾಗ ನೀನು ಹೇಳಿದ್ದನ್ನೇ ಹೇಳುತ್ತೇನೆ. ಗಾಜಿನ ಬಿಲ್ಲೆಗೆ ಬಂಗಾರದ ತೆಳು ಲೇಪ. ಅದನ್ನು ಪೆಪ್ಟೈಡ್ ಬೆರೆಸಿದ ದ್ರವದಲ್ಲಿ ಮುಳುಗಿಸಿಟ್ಟರೆ, ಪ್ರೋಟೀನಿನ ಆ ಚಿಕ್ಕ ತುಣುಕುಗಳು ತಾವಾಗಿ ಬಂದು ಬಂಗಾರವನ್ನು ಕಚ್ಚಿಕೊಂಡು ಒತ್ತೊತ್ತಾಗಿ ನಿಲ್ಲುತ್ತವೆ, ಯಾರೂ ಬಿತ್ತದ ಜೋಳದ ಹಾಗೆ. ಆ ಒಂದೇ ಪದರವನ್ನು ದಾಟಿ ಕರೆಂಟು ಎಷ್ಟು ಹರಿಯುತ್ತದೆಂದು ಅಳೆಯುವುದು ನಿನ್ನ ಕೆಲಸ. ಪದರ ಕಣ್ಣಿಗೆ ಕಾಣುವುದಿಲ್ಲ ಅಂದಾಗ ಅಪ್ಪ, "ಕಾಣಲಾರದ್ದಕ್ಕ ನಾಕ ವರ್ಷ ಏನವಾ?" ಅಂದಿದ್ದ. ಆಗ ನೀನೂ ನಕ್ಕಿದ್ದೆ. ಹೈದರಾಬಾದಿಗೆ ಒಯ್ಯಲೆಂದು ಪದರ ಕೂರಿಸಿ ತಂದಿದ್ದ ಬಿಲ್ಲೆಗಳ ಡಬ್ಬಿಯನ್ನು ಯಾರೂ ಮುಟ್ಟಬಾರದೆಂದು ನೀನೇ ದೇವರ ಜಗಲಿಯ ಮೇಲೆ ಇಟ್ಟಿದ್ದೆ, ಮನೆಯಲ್ಲಿ ಕಂಡ ಕಂಡ ಕೈ ಹೋಗದ ಜಾಗ ಅದೊಂದೇ ಎಂದು.

ಈಗ ನೀನು ನಗುವುದಿಲ್ಲ. ಇಲ್ಲಿಂದ ಹೈದರಾಬಾದಿನ ಲ್ಯಾಬಿಗೆ ಒಯ್ದ ಆ ಬಿಲ್ಲೆಗಳಲ್ಲಿ ಪದರವೇ ಇಲ್ಲವೇನೋ ಎಂಬಂತೆ ಕರೆಂಟು ಸರಾಗ ಹರಿಯಿತಂತೆ. ಅಲ್ಲಿಯ ಅಳೆಯುವ ಯಂತ್ರ ನಿನಗೆ ಮತ್ತೆ ಸಿಗಲಿಲ್ಲ. ಬರುವ ಬುಧವಾರ ಈ ಸಂಶೋಧನೆಯ ವಿಷಯವನ್ನೇ ಬಿಟ್ಟುಬಿಡುವುದಾಗಿ ಗೈಡ್‌ಗೆ ಬರೆದುಕೊಡುತ್ತೇನೆ ಅಂದೆ ನೀನು. "ನನ್ನ ಕೈಯಾಗ ಪದರ ನಿಲ್ಲೂದಿಲ್ಲ ರೂಪಾ" ಅಂದೆಯಲ್ಲ, ಆ ದನಿ ಬಸ್ಸಿನ ಗದ್ದಲದಲ್ಲೂ ಕೇಳಿಸುತ್ತದೆ. ಅಂಚು ಸೀಳದ ಹಾಗೆ ರೊಟ್ಟಿ ಬಡಿಯುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ನಿನ್ನ ಕೈ ತಪ್ಪಿತೆಂದು ನಂಬಲು ನನ್ನಿಂದ ಆಗುತ್ತಿಲ್ಲ. ಆದರೆ ನಾನೇನು ಬಲ್ಲೆ? ಬಿಡಲೇಬೇಕು ಅನ್ನಿಸಿದರೆ ಬಿಟ್ಟು ಮನೆಗೆ ಬಾ. ಎಂಟು ದಿನ ಬರೀ ಮಲಗು. ಯಾರೂ ಏನೂ ಕೇಳದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಅಪ್ಪ ಅವ್ವನ ಆಶೀರ್ವಾದ ನಿನ್ನ ಮೇಲಿದೆ. ಕಣ್ಣಿಗೆ ಔಷಧಿ ಹಾಕಿಕೊ.

ನಿನ್ನ ತಂಗಿ,
ರೂಪಾ

ತಾ.ಕ.: ಪತ್ರ ಮಡಚುತ್ತಿದ್ದೆ. ರಿಪೇರಿಯಾಗಿ ಬಂದ ನನ್ನ ಜುಮಕಿಯನ್ನು ಅವ್ವ ಅಂಟವಾಳದ ನೀರಿನಲ್ಲಿ ತೊಳೆಯುತ್ತಿದ್ದಳು. ಹೊರಗಿನಿಂದ ಬಂದ ಬಂಗಾರ ತೊಳೆಯದೆ ಅವಳ ಜಗಲಿ ಏರುವುದಿಲ್ಲವಲ್ಲ. ತೊಳೆಯುತ್ತಲೇ ಅಂದಳು: "ಗೌತಮಿ ಡಬ್ಬ್ಯಾಗಿನ ಬಿಲ್ಲಿನೂ ಹಿಂಗ ತೊಳದಿದ್ದೆ. ಹಂಗ ತಂದು ದೇವರ ಮುಂದ ಇಟ್ಟಿದ್ಲು ನೋಡು, ಇಷ್ಟ ಓದಿ. ಗೆರಿ ಬಿದ್ದಾವು ಅಂತ ಬ್ರಷ್ ಹಚ್ಚಲಿಲ್ಲ. ಅಪ್ಪನ ಹಳೇ ಧೋತರದ ಅರಿವಿಲೆ ಮೆತ್ತಗ ತಿಕ್ಕಿ, ಒರಸಿ, ಇದ್ದಂಗ ಇಟ್ಟೆ." ಅಕ್ಕಾ, ಬುಧವಾರ ಏನನ್ನೂ ಬರೆದುಕೊಡಬೇಡ. ಅಂಚೆ ಅಷ್ಟರೊಳಗೆ ಮುಟ್ಟುವುದಿಲ್ಲ, ಈ ಹಾಳೆಯ ಫೋಟೋ ಈಗಲೇ ಕಳಿಸುತ್ತೇನೆ. ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ಹೈದರಾಬಾದಿನವರು ಹೊಳಪು ನೋಡಿ ಏನಂದರು ಎಂದು ಕೇಳುತ್ತಿದ್ದಾಳೆ.