ಮುಗಿಸಿದೆ ಎಂಬ ಗುರುತು

ಮಾರ್ಚ್ 3, ಮಂಗಳವಾರ. ಸಂಜೆ 6.40

ನಾಲ್ಕು ಸೆಟ್ ಕೃತಕ ಹಲ್ಲು ಪಾಲಿಶ್ ಆಯಿತು. ಒಂದು ಮೇಲಿನ ಸೆಟ್ ವಾಪಸ್ ಬಂದಿದೆ. ಮಾತಾಡುವಾಗ ಜಾರುತ್ತದಂತೆ. ಅಚ್ಚು ಸರಿ, ಅಳತೆ ಸರಿ, ಬಾಯಿಗೆ ಮಾತ್ರ ಕೂರುವುದಿಲ್ಲ. ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತಿದು. ಮನೆಯಲ್ಲೂ ಹೇಳುತ್ತೇನೆ, ಹೊಸ ಚಪ್ಪಲಿಗೂ, ಹೊಸ ಸಂಬಂಧಕ್ಕೂ. ಅಕ್ಕ ಹಾಗೇ ಅಣಕಿಸುತ್ತಿದ್ದಳು — ದನಿ ಇದ್ದಾಗ.

ನಿನ್ನೆ ನೋಡಿದ ಸಿನಿಮಾ ಇನ್ನೂರು ವರ್ಷ ಮುಂದಿನದು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಾರೆ, ಸೀಟಿಗೆ ಬೆಲ್ಟ್ ಇಲ್ಲ. ಗಾಳಿಯೇ ಇಲ್ಲದ ಕಡೆ ಢಂ ಎಂದು ಸದ್ದು. ಅನ್ಯಗ್ರಹದ ಜೀವಿಗೆ ಆರು ಕೈ, ಆದರೂ ಅದು ಮಾತಾಡುವುದು ಕ್ಯಾಪ್ಟನ್ ಒಬ್ಬನ ಹತ್ತಿರವೇ. ಅಷ್ಟು ದೊಡ್ಡ ಹಡಗು, ಗುಡಿಸುವವರು ಒಬ್ಬರೂ ಕಾಣಲಿಲ್ಲ. ಕಸ ಎಲ್ಲಿಗೆ ಹೋಗುತ್ತದೆ?

ಸಿನಿಮಾ, ಗೇಮ್‌ಗಳಿಗೆ ವಿಮರ್ಶೆ ಬರೆಯುವವರ ಆನ್‌ಲೈನ್ ಬಳಗದಲ್ಲಿ ಇಷ್ಟನ್ನೇ ಬರೆದೆ. ಮುನ್ನೂರು ಜನ ಮೆಚ್ಚಿದರು. "ಧೂಮಕೇತು ಬಂದ್ರೆ ಬೆಂಕಿನೇ" ಅಂದರು. ಧೂಮಕೇತು ನಾನು. ವಯಸ್ಸು ನಲವತ್ತೊಂದು. ಮನೆಯವರಿಗೆ ಹೇಳಿಲ್ಲ.

ಮಾರ್ಚ್ 5, ಗುರುವಾರ. ಸಂಜೆ 7

ಬಳಗದಲ್ಲಿ ಹೊಸಬರ ಗೇಮ್ ಒಂದು ಬಂದಿದೆ. ಹೆಸರು "ಮೇಲಿನ ಮಹಡಿ". ಮಾಡಿದವರ ಅಡ್ಡಹೆಸರು ಎಣ್ಣೆಕೈ. ಯಾರೋ ಏನೋ.

ಹನ್ನೊಂದು ಮಹಡಿಯ ಅಂತರಿಕ್ಷ ಹಡಗು. ಪ್ರಯಾಣಿಕರೆಲ್ಲ ನೂರು ವರ್ಷದ ನಿದ್ದೆಯಲ್ಲಿ. ಎಚ್ಚರ ಇರುವವನು ಲಿಫ್ಟ್ ರಿಪೇರಿಯವನೊಬ್ಬನೇ. ಅವನು ಮಹಡಿ ಮಹಡಿಗೂ ಲಿಫ್ಟ್ ಸರಿಮಾಡುತ್ತ ಮೇಲೆ ಹೋಗಬೇಕು. ಗನ್ ಇಲ್ಲ, ಶತ್ರು ಇಲ್ಲ. ಅದು ಪರವಾಗಿಲ್ಲ, ನನಗೂ ಗನ್ ಸಾಕಾಗಿದೆ. ಆದರೆ ಲಿಫ್ಟಿನ ಬಾಗಿಲು ಮುಚ್ಚಲು ಹನ್ನೆರಡು ಸೆಕೆಂಡು! ಪ್ರತಿ ಸಲವೂ! ಎಣಿಸಿದೆ. ಒಬ್ಬ ಹೆಂಗಸಿನ ದನಿ "ಎರಡನೇ ಮಹಡಿ", "ಮೂರನೇ ಮಹಡಿ" ಅನ್ನುತ್ತದೆ, ತಗಡಿನ ಡಬ್ಬಿಯೊಳಗಿಂದ ಅಂದ ಹಾಗೆ. ಸೌಂಡ್ ತಗ್ಗಿಸಿ ನನ್ನ ಹಾಡು ಹಾಕಿಕೊಂಡೆ.

ನಾಲ್ಕನೇ ಮಹಡಿಯಲ್ಲಿ ಬಿಟ್ಟೆ. ನಲವತ್ತು ನಿಮಿಷ ಆಡಿದ್ದು ಅಷ್ಟೇ.

ಬಳಗದ ನಿಯಮ ಒಂದೇ — ಮುಗಿಸದೆ ಮಾರ್ಕು ಕೊಡಬಾರದು. "ಮುಗಿಸಿದೆ" ಅಂತ ಗುರುತು ಹಾಕಿದರಷ್ಟೇ ವಿಮರ್ಶೆ ಬರೆಯುವ ಜಾಗ ತೆರೆಯುತ್ತದೆ. ಈ ನಿಯಮ ಬೇಕು ಅಂತ ಎರಡು ವರ್ಷದ ಹಿಂದೆ ಗಂಟಲು ಹರಿದುಕೊಂಡವನೂ ನಾನೇ.

ಗುರುತು ಹಾಕಿದೆ. ಹತ್ತಕ್ಕೆ ಎರಡು ಕೊಟ್ಟೆ. "ಅಚ್ಚು ಸರಿ, ಅಳತೆ ಸರಿ, ಬಾಯಿಗೆ ಮಾತ್ರ ಕೂರುವುದಿಲ್ಲ. ಕೊನೆಯ ಮಹಡಿಯಲ್ಲಿ ಕಾದಿರುವುದೂ ಅದೇ ಸಪ್ಪೆ ದನಿ. ಅದನ್ನು ಕಿತ್ತು ಹಾಕಿದರೆ ಯಾರಿಗೂ ಏನೂ ನಷ್ಟವಿಲ್ಲ." ಅಂದಾಜಿನ ಮೇಲೆ ಬರೆದದ್ದು. ಇಂಥವು ಕೊನೆಗೆ ಏನಾಗುತ್ತವೆ ಅಂತ ನನಗೆ ಗೊತ್ತಿಲ್ಲವೇ?

ನಾನೂರು ಮೆಚ್ಚುಗೆ. ಖುಷಿಯಾಯಿತು. ಹೌದು, ಆಯಿತು.

ಮಾರ್ಚ್ 8, ಭಾನುವಾರ. ಸಂಜೆ 5

ಅಕ್ಕನ ಮನೆಯಲ್ಲಿ ಊಟ. ಈಗಷ್ಟೇ ಬಂದೆ.

ಭಾವ ಮೂವತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ಮೇಲೆ ಕಂಪ್ಯೂಟರ್ ಮುಂದೆ ಏನೋ ಕುಟ್ಟುತ್ತಿರುತ್ತಾರೆ. ಹೊತ್ತು ಹೋಗಲಿ ಅಂತ ಟೈಪಿಂಗ್ ಕಲಿಯುತ್ತಿದ್ದಾರೆ ಅಂದುಕೊಂಡಿದ್ದೆ. ಊಟ ಆದ ಮೇಲೆ ಕನ್ನಡಕ ಏರಿಸಿ ಒಂದು ಹಾಳೆ ತಂದರು. ಪ್ರಿಂಟ್ ತೆಗೆಸಿದ್ದರು. ಮೇಲೆ ದಪ್ಪಕ್ಷರದಲ್ಲಿ — ಧೂಮಕೇತು.

"ನೋಡೋ, ನಾನೂ ಒಂದು ಗೇಮ್ ಮಾಡಿದೀನಿ. ಎರಡು ವರ್ಷ ಹಿಡೀತು. ನೀನು ಇದೆಲ್ಲ ಆಡೋನು, ಪೂರ್ತಿ ಸರಿಹೋದ್ಮೇಲೆ ತೋರ್ಸೋಣ ಅಂತಿದ್ದೆ. ಅಷ್ಟರಲ್ಲಿ ದೊಡ್ಡ ವಿಮರ್ಶಕರೊಬ್ಬರು ಬರ್ದೇಬಿಟ್ರು."

ಓದಿದರು. ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದರು, ಪರೀಕ್ಷೆಗೆ ಓದುವವರ ಹಾಗೆ. ನಾನು ನೀರು ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

"ಬೈದ್ರೂ ಪರವಾಗಿಲ್ಲ ಕಣೋ. ಪೂರ್ತಿ ಆಡಿದಾರೆ ನೋಡು, ಗುರುತು ಹಾಕಿದಾರೆ. ಕೊನೇವರೆಗೂ ಬಂದೋರ ಮಾತು ತಳ್ಳಿಹಾಕೋಕಾಗಲ್ಲ. ಬಾಗಿಲು ನಾಲ್ಕೇ ಸೆಕೆಂಡಿಗೆ ಮುಚ್ಚೋ ಹಾಗೆ ಮಾಡಿದೀನಿ. ಕೊನೆ ಮಹಡಿ ತೆಗೆದುಬಿಡೋಣ ಅಂತಿದೀನಿ. ನಿಂಗೇನನ್ಸುತ್ತೆ? ಇವ್ರು ಹೇಳೋದು ಸರಿನಾ?"

ಅಕ್ಕ ಟೇಬಲ್ ಮೇಲೆ ಮೂರು ಸಲ ತಟ್ಟಿದಳು. ಗಂಟಲಿನ ಆಪರೇಷನ್ ಆದಾಗಿನಿಂದ ಯಾರನ್ನು ಕರೆಯಬೇಕಾದರೂ ಹೀಗೇ. ತಲೆ ಎತ್ತಿದೆ. ಭಾವನನ್ನಲ್ಲ, ನನ್ನನ್ನೇ ನೋಡುತ್ತಿದ್ದಳು.

"ಸರಿ ಇರ್ಬೇಕು ಭಾವ" ಅಂದೆ.

ಅಂದುಬಿಟ್ಟೆ. ನಾಲಿಗೆಗೆ ಮೂಳೆ ಇಲ್ಲ ಅನ್ನುತ್ತಾರೆ. ನನಗೆ ಬೆನ್ನಿನಲ್ಲೂ ಇಲ್ಲ. ಭಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. "ಹಾಗಾದ್ರೆ ಬರೋ ಭಾನುವಾರ ಮಧ್ಯಾಹ್ನ ಹೊಸದು ಹಾಕ್ತೀನಿ" ಅಂದರು.

ಆಪರೇಷನ್ ಆಗಿ ಮೂರು ವರ್ಷ. ಹಿಂದಿನ ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಜ್ವರ ಅಂದಿದ್ದೆ... ಬೇಡ. ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 9, ಸೋಮವಾರ

ಮೇಣದ ಅಚ್ಚು ಎರಡು ಸಲ ಕೈಜಾರಿತು. ಬಳಗ ತೆರೆದು ನೋಡಿದೆ. ನನ್ನ ವಿಮರ್ಶೆ ಈ ವಾರದ ಅತ್ಯುತ್ತಮವಂತೆ. ಯಾರೋ ಬರೆದಿದ್ದಾರೆ, "ಎಣ್ಣೆಕೈ ಹೋಗಿ ಕೈ ತೊಳ್ಕೊಳ್ಳಲಿ." ಅದಕ್ಕೂ ನಗು. ಎಣ್ಣೆಕೈ ಕೆಳಗೆ ಉತ್ತರ ಹಾಕಿದ್ದರು — "ಸಮಯ ಕೊಟ್ಟು ಪೂರ್ತಿ ಆಡಿದ್ದಕ್ಕೆ ಧನ್ಯವಾದಗಳು ಸರ್. ತಿದ್ದಿಕೊಳ್ಳುತ್ತೇನೆ."

ಸರ್ ಅಂತೆ. ನನಗೆ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 1.20, ಲ್ಯಾಬ್

ಅಕ್ಕನ ಮೆಸೇಜ್. ಇದ್ದ ಹಾಗೇ ಇಳಿಸುತ್ತೇನೆ.

"ಬಾಯಿಗೆ ಕೂರಲ್ಲ ಅಂತ ಬರೆಯೋ ಧೂಮಕೇತು ಜಗತ್ತಲ್ಲಿ ಒಬ್ನೇ ಇರೋದು. ಭಾವಂಗೆ ಹೇಳಿಲ್ಲ, ಹೇಳೋದೂ ಇಲ್ಲ. ಒಂದೇ ಒಂದು ಕೇಳ್ತೀನಿ. ನಿಜವಾಗ್ಲೂ ಕೊನೇವರೆಗೂ ಆಡಿದ್ಯಾ?"

ಇಲ್ಲ ಅಂದರೆ ಸುಳ್ಳುಗಾರ. ಹೌದು ಅಂದರೆ ಬರೀ ಒರಟ. ಒರಟ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು. ಅಭಿಪ್ರಾಯ ಅವರವರದು ಅಂತಾದರೂ ಹೇಳಬಹುದಲ್ಲ.

"ಹೂಂ ಅಕ್ಕಾ. ಪೂರ್ತಿ ಆಡಿದೆ" ಅಂತ ಕಳಿಸಿದೆ.

ಆಮೇಲೆ ಎರಡು ಪದ.

"ಸರಿ ಹಾಗಾದ್ರೆ."

ಅಕ್ಕ ಬೈಯುತ್ತಾಳೆ, ಕಾಲೆಳೆಯುತ್ತಾಳೆ, ದೆವ್ವದ ಮುಖದ ಚಿತ್ರ ಕಳಿಸುತ್ತಾಳೆ. ಹೀಗೆ ಎರಡು ಪದಕ್ಕೆ ನಿಲ್ಲಿಸಿದವಳಲ್ಲ.

ಮಾರ್ಚ್ 14, ಶನಿವಾರ. ಮಧ್ಯಾಹ್ನ 3.15

ಎರಡು ದಿನ ಬರೆಯಲಿಲ್ಲ. ಇವತ್ತು ರಜೆ. ಬೆಳಿಗ್ಗೆ ಎಂಟಕ್ಕೆ ಕೂತೆ, ನಾಲ್ಕನೇ ಮಹಡಿಯಿಂದ. ಸೌಂಡ್ ಪೂರ್ತಿ ಏರಿಸಿ.

ನಿಜ ಹೇಳುತ್ತೇನೆ. ಚೆನ್ನಾಗಿದೆ. ಏಳನೇ ಮಹಡಿಯಲ್ಲಿ ಮಲಗಿರುವವರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ಎಂಟನೆಯದರಲ್ಲಿ ಪೊರಕೆ, ಬಕೆಟ್ಟು, ಕಸದ ಬುಟ್ಟಿ. ಕಸ ಎಲ್ಲಿಗೆ ಹೋಗುತ್ತದೆ ಅಂತ ವರ್ಷಗಳಿಂದ ಕೇಳುತ್ತಿದ್ದೆನಲ್ಲ, ಈ ಮನುಷ್ಯ ಒಬ್ಬರೇ ಯೋಚಿಸಿದ್ದಾರೆ. ಕೋಟಿ ಸುರಿದವರಿಗೆ ಹೊಳೆಯದ್ದು.

ಆ ದನಿ. ಒಂಬತ್ತನೇ ಮಹಡಿಯಲ್ಲಿ ಗೊತ್ತಾಯಿತು. "ಒಂಬತ್ತನೇ" ಅನ್ನುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾಳೆ. ಭಾವನ ಕಂಪನಿಯವರು ಒಂದು ಕಾಲದಲ್ಲಿ ಲಿಫ್ಟಿಗೆ ಅಕ್ಕನ ಕೈಯಲ್ಲೇ ಮಹಡಿಗಳ ಹೆಸರು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅದೇ. ನನಗೆ ಎಣಿಕೆ ಕಲಿಸಿದವಳ ದನಿ, ನನಗೇ ಗುರುತು ಸಿಗಲಿಲ್ಲ. ತಗಡಿನ ಡಬ್ಬಿ ಅಂದೆ.

ಹನ್ನೊಂದನೇ ಮಹಡಿ. ಬಾಗಿಲು ತೆರೆಯಿತು. ಒಂದು ಕಿಟಕಿ, ಒಂದು ಮಂಚ, ಪಕ್ಕದಲ್ಲಿ ಖಾಲಿ ಕುರ್ಚಿ. ಇಲ್ಲಿ ಯಂತ್ರದ ದನಿ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಹಿಂದೆ ಆಸ್ಪತ್ರೆಯ ಗಲಾಟೆ, ಟ್ರಾಲಿಯ ಸದ್ದು. ಅಕ್ಕ ಮಾತಾಡುತ್ತಾಳೆ.

"ಕಪ್ಪೆ ಬಂದ್ನಾ? ಇನ್ನೂ ಇಲ್ವಾ? ಬರ್ತಾನೆ ಬಿಡ್ರಿ, ಜ್ವರ ಅಂತೆ, ನಿಧಾನವಾಗಿ ಬರ್ಲಿ. ನಾಳೆಯಿಂದ ಮಾತಿಲ್ಲ ನಂಗೆ, ಇವತ್ತು ಒಂದ್ಸಲ ಬೈದು ಕಳಿಸ್ಬೇಕು ಅವನ್ನ. ರೀ, ಆ ಬಾಗಿಲು ಹಾಕ್ಬೇಡಿ. ಬರ್ತಾನೆ."

ಅಷ್ಟೇ. ಆಮೇಲೆ ಬಾಗಿಲು ತೆರೆದೇ ಇರುತ್ತದೆ. ಮುಚ್ಚುವುದೇ ಇಲ್ಲ. ಗೇಮ್ ಮುಗಿಯಿತು.

ಕಪ್ಪೆ ನಾನು. ಚಿಕ್ಕವನಿದ್ದಾಗ ಅಳುತ್ತಿದ್ದ ರೀತಿಗೆ ಅಕ್ಕ ಇಟ್ಟ ಹೆಸರು. ಅವತ್ತು ನನಗೆ ಜ್ವರ ಇರಲಿಲ್ಲ. ಮೂರು ವರ್ಷದಿಂದ ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಅವತ್ತು ಒಂದು ಗೇಮಿನ ಮೂರನೇ ಭಾಗ ಬಿಡುಗಡೆಯಾಗಿತ್ತು. ಬೇರೆಯವರು ಬರೆಯುವ ಮೊದಲು ನಾನು ಮುಗಿಸಬೇಕಿತ್ತು. ಮುಗಿಸಿದೆ. ಮೊದಲ ವಿಮರ್ಶೆ ನನ್ನದೇ. ಆ ಗೇಮಿನ ಕಥೆ ಈಗ ನೆನಪೂ ಇಲ್ಲ.

ಬುಧವಾರ ಅಕ್ಕ ಯಾಕೆ ಕೇಳಿದಳು ಅಂತ ಈಗ ತಿಳಿಯಿತು. ಇಲ್ಲ ಅಂದಿದ್ದರೆ ಎರಡು ಬೈದು ಮುಗಿಸುತ್ತಿದ್ದಳು. ಹೂಂ ಅಂದೆ. ಇದನ್ನು ಕೇಳಿಯೂ ಸಪ್ಪೆ ಅಂದೆ ಅಂತ, ಕಿತ್ತು ಹಾಕಿದರೂ ನಷ್ಟವಿಲ್ಲ ಅಂದೆ ಅಂತ ಅವಳೀಗ ನಂಬಿದ್ದಾಳೆ.

ನಾಚಿಕೆ ಅನ್ನುವ ಪದ ಸಾಲದು. ಚರ್ಮ ಸುಲಿದು ನೇತುಹಾಕಿದ ಹಾಗಿದೆ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ 9.30

ಬಳಗದಲ್ಲಿ "ಮುಗಿಸಿದೆ" ಗುರುತು ತೆಗೆದೆ. ನಾಲ್ಕನೇ ಮಹಡಿಗೇ ಬಿಟ್ಟು ಸುಳ್ಳು ಬರೆದೆ ಅಂತ ಹಾಕಿದೆ. ನಿಯಮ ಮುರಿದವರು ಬಳಗದಿಂದ ಹೊರಗೆ. ಹೋಗಲಿ. ಅಲ್ಲಿ ಒಪ್ಪಿಕೊಳ್ಳುವುದು ಸುಲಭ, ಅಲ್ಲಿ ನನಗೆ ಮುಖವಿಲ್ಲ.

ಭಾವನಿಗೆ ಫೋನ್ ಮಾಡಿದೆ.

"ಕೊನೆ ಮಹಡಿ ತೆಗೀಬೇಡಿ ಭಾವ."

"ಯಾಕೋ? ನೀನೇ ತಾನೆ ಸರಿ ಅಂದಿದ್ದು. ನಿಮ್ಮಕ್ಕನೂ ತೆಗೀರಿ ಅಂತ ಬರ್ದು ತೋರ್ಸಿದ್ಲು, ಗುರುವಾರ."

ಗುರುವಾರ. ನನ್ನ "ಹೂಂ" ಹೋದ ಮಾರನೇ ದಿನ.

"ಮಧ್ಯಾಹ್ನದವರೆಗೆ ತಡೀರಿ. ಬಂದು ಹೇಳ್ತೀನಿ."

"ಬಾ ಬಾ. ಅವ್ಳು ತರಕಾರಿ ತರೋಕೆ ಹೋಗಿದಾಳೆ. ಊಟಕ್ಕೇ ಬಾ."

10.45

ಶೂ ಹಾಕಿಕೊಂಡು ಒಂದು ಗಂಟೆಯಾಯಿತು. ಮಂಚದ ತುದಿಯಲ್ಲೇ ಕೂತಿದ್ದೇನೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಜ್ವರದ ಮಾತು ಬಂದಾಗಲೆಲ್ಲ ನಾಲಿಗೆ ಅಲ್ಲೇ ನಿಲ್ಲುತ್ತದೆ. ಧೂಮಕೇತು ಯಾರು ಅಂತ ಹೇಳಬಲ್ಲೆ. ಅವತ್ತು ಎಲ್ಲಿದ್ದೆ ಅಂತ ಹೇಗೆ ಹೇಳಲಿ? ಹನ್ನೊಂದಕ್ಕೆ ಹೊರಡುತ್ತೇನೆ. ಹನ್ನೊಂದು ಕಾಲಾದರೂ ಸರಿ. ಬಸ್ಸಿಗೆ ಇಪ್ಪತ್ತು ನಿಮಿಷ, ಮಧ್ಯಾಹ್ನಕ್ಕೆ ಇನ್ನೂ...

ಬಾಗಿಲು ತಟ್ಟಿದ ಸದ್ದು. ಮೂರು ಸಲ. ನಿಲ್ಲಿಸಿ ಮತ್ತೆ ಮೂರು ಸಲ.

ಅಕ್ಕ. ಬಳಗದಲ್ಲಿ ನಾನು ಹಾಕಿದ್ದನ್ನು ಓದಿರಬೇಕು. ಮೂರು ಮಹಡಿ ಹತ್ತಿ ಬಂದಿದ್ದಾಳೆ, ತರಕಾರಿ ಚೀಲದ ಜೊತೆಗೇ ಇರಬೇಕು. ಉಸಿರು ಇಲ್ಲಿಗೆ ಕೇಳಿಸುತ್ತಿದೆ. ಕೂಗಲಾರಳು. ಕಾಯುತ್ತಿದ್ದಾಳೆ. ಪೆನ್ನು ಇಟ್ಟು ಬಾಗಿಲು ತೆರೆಯುತ್ತೇನೆ.