ಅಪ್ಪನ ರಿವರ್ಸ್ ಪಾಠ ಮತ್ತು ನೀನು ಎಸೆದ ಲಿಂಕ್

ಮನೆ, ಮುಂದಿನ ಕೋಣೆ
ಆಗಸ್ಟ್ ಹತ್ತು, ಭಾನುವಾರ

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ ಚೆನ್ನಾಗಿದ್ದೀರಿ ತಾನೆ? ಅತ್ತಿಗೆಯ ಮಂಡಿನೋವು ಹೇಗಿದೆ? ಅಮ್ಮ ಕೇಳಿದಳೆಂದು ಹೇಳು. ಇಲ್ಲಿ ಅಪ್ಪನ ಗಂಟಲಿನ ಗಾಯ ಒಣಗಿದೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಮಾತಿಲ್ಲ ಅನ್ನುವುದೊಂದು ಬಿಟ್ಟರೆ ಊಟ, ನಿದ್ದೆ, ಹಟ ಎಲ್ಲ ಮೊದಲಿನಂತೆಯೇ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾರೆ, ಬೇಡವಾದರೆ ಮೇಜು ಕುಟ್ಟುತ್ತಾರೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ನಿನಗೆ ಮಂಗಳಾರತಿ.

ಆಪರೇಷನ್ನಿಗೆ ಮೊದಲು ಅಪ್ಪ ನಮ್ಮ ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ ಕೂತು ಪಾಠಗಳನ್ನೆಲ್ಲ ನನ್ನ ಮೊಬೈಲಿನ ಮುಂದೆ ಹೇಳಿದ್ದು ನಿನಗೆ ಗೊತ್ತು. ಇನ್ನು ಮುಂದೆ ಸ್ಕೂಲು ನಡೆಸುವವಳು ನಾನಾದರೂ ಕ್ಲಚ್ಚು, ಬ್ರೇಕು ಎಂದು ಗದರುವುದು ತಮ್ಮ ದನಿಯೇ ಆಗಿರಬೇಕು ಅನ್ನುವುದು ಅವರ ಆಸೆ. ಕೆಮ್ಮು, ಹಾರ್ನು, ಪಕ್ಕದ ಗ್ಯಾರೇಜಿನ ಸುತ್ತಿಗೆ ಸದ್ದು ತೆಗೆದು ಪಾಠಗಳನ್ನು ಜೋಡಿಸಬೇಕಿತ್ತು. ಅದಕ್ಕೇ ಆಫೀಸಿನ ಕಂಪ್ಯೂಟರಿಗೆ ನಂಬಬಹುದಾದ ಉಚಿತ ವಿಡಿಯೊ ಎಡಿಟರ್ ಯಾವುದೆಂದು ನಿನ್ನನ್ನು ಕೇಳಿದೆ. ಕಂಪ್ಯೂಟರ್ ಅಂಗಡಿ ಇಟ್ಟವನನ್ನು ಕೇಳದೆ ಹಾಲಿನವನನ್ನು ಕೇಳಲೇ? ನೀನೋ ಗಿರಾಕಿಯ ಜೊತೆ ಮಾತಾಡುತ್ತಲೇ, "ಎಲ್ಲಾ ಒಂದೇ ಕಣೇ ಪುಟ್ಟಿ, ಯಾವ್ದೋ ಒಂದು ಹಾಕ್ಕೋ" ಎಂದು ಒಂದು ಲಿಂಕ್ ಎಸೆದೆ.

ಎಲ್ಲಾ ಒಂದೇ ಅಲ್ಲ ಅಣ್ಣಾ. ನೀನು ಕಳಿಸಿದ್ದು ನೋಡಲು ಬಹಳ ಚೆಂದ. ವಾರವಿಡೀ ಕೂತು ಮೊದಲ ಪಾಠ ಜೋಡಿಸಿದೆ. ಸೇವ್ ಆಯಿತೆಂದು ತೋರಿಸಿದ ಕೂಡಲೇ ಪೆನ್‌ಡ್ರೈವಿಗೆ ಹಾಕಿಕೊಂಡು ತರಗತಿಗೆ ಓಡಿದೆ. ಟಿವಿಯಲ್ಲಿ ಅಪ್ಪ ಕಾಣಿಸಿಕೊಂಡರು, ಮುಖದ ಮೇಲೆ ಅಡ್ಡಡ್ಡಲಾಗಿ ಆ ಎಡಿಟರಿನ ಹೆಸರು ದೊಡ್ಡಕ್ಷರದಲ್ಲಿ, ಕಣ್ಣೂ ಕಾಣದ ಹಾಗೆ. ಗೇರ್ ವಿಷಯ ಶುರುವಾಗುವಷ್ಟರಲ್ಲಿ ಚಿತ್ರ ನಿಂತು, ಪೂರ್ತಿ ಬೇಕಾದರೆ ದುಡ್ಡು ಕಟ್ಟಿ ಅನ್ನುವ ಫಲಕ ಬಂತು. "ಅಯ್ಯೋ, ಮೇಷ್ಟ್ರನ್ನ ಮಾರಾಟಕ್ಕಿಟ್ಟಿದ್ದಾರೆ" ಎಂದು ಯಾರೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪ ಹಿಂದಿನ ಬೆಂಚಿನಲ್ಲೇ ಇದ್ದರು. ಎದ್ದು ಹೋಗಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡರು. ನಿನಗೆ ಇದನ್ನು ಫೋನಿನಲ್ಲಿ ಹೇಳಿದರೆ ನೀನೂ ನಕ್ಕೆ. "ಫ್ರೀ ಅಂದ್ರೆ ಇನ್ನೇನೇ?" ಅಂದೆ. ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ನಿನ್ನ ಸಹವಾಸವೇ ಬೇಡ ಎಂದು ನಾನೇ ಹುಡುಕಿದೆ. ಒಂದು ತನ್ನ ಜೊತೆಗೆ ಕರೆಯದ ನೆಂಟರಂತೆ ಇನ್ನೇನೇನನ್ನೋ ಕಂಪ್ಯೂಟರಿಗೆ ತುಂಬಿತು. ಅದನ್ನು ಇಳಿಸಿಕೊಂಡದ್ದು ಮಾಡಿದವರ ಸ್ವಂತ ತಾಣದಿಂದಲ್ಲ, ಹುಡುಕಿದಾಗ ಮೇಲೆ ಬಂದ ಜಾಹೀರಾತನ್ನು ನಾನು ಒತ್ತಿದ್ದೆ. ಇನ್ನೊಂದರಲ್ಲಿ ದನಿ ಒಂದು ಕಡೆ, ತುಟಿ ಒಂದು ಕಡೆ. ಕಿವಿಗೆ ಬ್ರೇಕ್ ಎಂದು ಕೇಳಿಸುವಾಗ ಅಪ್ಪನ ಬಾಯಿ ಇನ್ನೂ ಕ್ಲಚ್ ಅನ್ನುತ್ತಿತ್ತು. ಅದನ್ನು ನೋಡಿ ಕಲಿತವರು ನೇರ ಮೋರಿಗೇ. ಸಿನಿಮಾದವರು ಬಳಸುವಂಥದ್ದೂ ಪುಕ್ಕಟೆ ಸಿಕ್ಕಿತು, ನಿಜವಾಗಿ ಒಳ್ಳೆಯದು, ಆದರೆ ನಮ್ಮ ಮುದಿ ಕಂಪ್ಯೂಟರ್ ಅದನ್ನು ತೆರೆದ ಕೂಡಲೇ ಉಸಿರು ಬಿಟ್ಟಿತು. ಕೊನೆಗೆ ಬುದ್ಧಿ ಬಂದು ಒಂದು ಪದ್ಧತಿ ಮಾಡಿಕೊಂಡೆ. ವಾರಗಟ್ಟಲೆ ಕೂರುವ ಮೊದಲು ಸಣ್ಣ ತುಣುಕೊಂದನ್ನು ಕತ್ತರಿಸಿ, ಉಳಿಸಿ, ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು. ನಡುವೆ ಬೇಕೆಂದೇ ಕರೆಂಟು ತೆಗೆದು, ಮಾಡಿದ ಕೆಲಸ ಉಳಿದಿದೆಯೇ ಎಂದು ಪರೀಕ್ಷಿಸುವುದು. ಹೀಗೆ ಒಂದು ಸಿಕ್ಕಿತು. ಒಂದಷ್ಟು ಜನ ಸೇರಿ ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟದ್ದಂತೆ. ನೋಡಲು ಪೆದ್ದುಪೆದ್ದಾಗಿದೆ. ತನ್ನ ಹೆಸರಿನ ಮುದ್ರೆ ಒತ್ತುವುದಿಲ್ಲ, ಖಾತೆ ತೆರೆ ಎಂದು ಪೀಡಿಸುವುದಿಲ್ಲ, ಮೂಲ ವಿಡಿಯೊ ಮುಟ್ಟುವುದಿಲ್ಲ. ಇದನ್ನು ನನಗೆ ಹೇಳಲು ನಿನಗೆ ಎಷ್ಟು ಹೊತ್ತು ಬೇಕಿತ್ತು?

ಇಷ್ಟಾದರೂ ನುಂಗಿಕೊಂಡಿದ್ದೆ. ಆದರೆ ರಿವರ್ಸ್ ಪಾಠದ ತುಣುಕು ಕಳಿಸಿದಾಗ ನೀನು ಹೇಳಿದ್ದನ್ನು ನುಂಗಲಾಗಲಿಲ್ಲ. "ಕತ್ತು ತಿರುಗಿಸಿ ನೋಡ್ರಪ್ಪಾ, ನನ್ನ ಮಗ ನೋಡ್ದೆ ಗೇಟು ಮುರಿದ" ಎಂದು ಅಪ್ಪ ಅಂದದ್ದಕ್ಕೆ ನಿನಗೆ ಮಾನ ಹೋಯಿತಂತೆ, ಅದನ್ನು ಕತ್ತರಿಸಬೇಕಂತೆ. ಹಾಳಾಗಿ ಹೋಗಲಿ ಎಂದು ಕತ್ತರಿಸಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಸ್ಲೇಟು ಎಗರುವ ಹಾಗೆ ಮೇಜು ಕುಟ್ಟಿದರು. ಆಮೇಲೆ ಬರೆದರು: "ಮುಂದಕ್ಕೆ ಕೇಳು." ವಾಪಸು ಹಾಕಿ ಕೇಳಿದೆ. ಗೇಟಿನ ಮಾತಾದ ಮೇಲೆ ಅಪ್ಪ ನಗುತ್ತಾರೆ ಅಣ್ಣಾ, ಹೊಟ್ಟೆ ಹಿಡಿದುಕೊಂಡು, ಆ ಹಳೇ ನಗು. ಉಳಿದ ಪಾಠಗಳಲ್ಲೆಲ್ಲ ಬರೀ ಬೈಗುಳ. ನಗು ಅದೊಂದರಲ್ಲೇ ಇರುವುದು. ನಿನ್ನ ಮಾನಕ್ಕೋಸ್ಕರ ಅದನ್ನು ನಾನು ಕಸಕ್ಕೆ ಹಾಕಬೇಕಿತ್ತು!

ವಾಪಸು ಹಾಕಿದ್ದನ್ನು ಹಾಗೇ ಬಿಟ್ಟಿದ್ದೇನೆ, ಇನ್ನು ಕತ್ತರಿಸುವುದೂ ಇಲ್ಲ. ನಿನ್ನೆ ತರಗತಿಯಲ್ಲಿ ಹಾಕಿದೆ. ನಗು ಬಂದಾಗ ಎಲ್ಲರೂ ಅವರ ಜೊತೆ ನಕ್ಕರು. ಈ ಸಲ ಅಪ್ಪ ಎದ್ದು ಹೋಗಲಿಲ್ಲ. ಕೋಲು ಹಿಡಿದು ಟಿವಿ ಪಕ್ಕ ನಿಂತು, ತಮ್ಮದೇ ದನಿಗೆ ತಕ್ಕಂತೆ ಚಿತ್ರದಲ್ಲಿನ ಕಾರಿನ ಕನ್ನಡಿ ತೋರಿಸಿದರು.

ಅತ್ತಿಗೆಗೆ ನಮಸ್ಕಾರ. ನಿನಗೆ ಸದ್ಯಕ್ಕೆ ಏನೂ ಇಲ್ಲ.

ಇತಿ,
ಇನ್ನೂ ಕೋಪದಲ್ಲಿರುವ ನಿನ್ನ ತಂಗಿ
ಪುಟ್ಟಿ

ಮರೆತೆ: ಗುರುವಾರ ಆಫೀಸಿಗೆ ಫೋನ್ ಮಾಡಿ, "ಯಾರ್ರೀ ಅದು, ಬಾಯಿ ಬಿಡ್ರೀ" ಎಂದು ರೇಗಿ ಇಟ್ಟೆಯಲ್ಲ, ಆಮೇಲೆ ಲೈನ್ ಕೆಟ್ಟಿದೆ, ಕಂಪ್ಲೇಂಟ್ ಕೊಡು ಎಂದು ನನಗೆ ಮೆಸೇಜ್ ಹಾಕಿದೆಯಲ್ಲ, ಲೈನ್ ಕೆಟ್ಟಿರಲಿಲ್ಲ. ನಿನ್ನ ನಂಬರ್ ಕಂಡು ಅಪ್ಪ ಓಡಿ ಬಂದು ಎತ್ತಿದ್ದರು. ದನಿಯಿಲ್ಲ ಅನ್ನುವುದೇ ಮರೆತುಹೋಗಿತ್ತು ಅವರಿಗೆ. ಇನ್ನು ಫೋನ್ ಮಾಡಬೇಡ, ಬಸ್ಸು ಹತ್ತಿ ಬಾ. ನಾನು ಬಾಗಿಲಲ್ಲಿ ನಿಂತು ನೋಡಿದೆ, ನೀನು ಇಟ್ಟ ಮೇಲೂ ಅವರ ತುಟಿ ಆಡುತ್ತಲೇ ಇತ್ತು.